ಗಾಳಿ ಸರಿ ಇಲ್ಲಪ್ಪ

ದಾವಣಗೆರೆಯ ವಿನೋಬನಗರದಲ್ಲಿ ನಮಗೆ ಚರಿತ್ರೆ ಕಲಿಸಿದ ಮೇಷ್ಟ್ರಿಗೆ ಒಬ್ಬನೆಂದರೆ ವಿಪರೀತ ಪ್ರೀತಿ. ಅವನು ಓದಲೆಂದು ಚೀನಾಕ್ಕೆ ಹೋದ ಜಪಾನಿನ ಹಳೆಯ ಕಾಲದ ಆಸ್ಥಾನಿಕ, ವಿದ್ವಾಂಸ, ಕವಿ. ಊರಿಗೆ ಹೊರಟ ಅವನ ಹಡಗನ್ನು ಬಿರುಗಾಳಿ ದಿಕ್ಕು ತಪ್ಪಿಸಿತು. ಅವನು ಚೀನಾದಲ್ಲೇ ಸತ್ತ. ಇಷ್ಟು ಹೇಳಿ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅಣ್ಣನೊಂದಿಗೆ ಮುನಿಸಿಕೊಂಡು ಹರಿಹರ ಬಿಟ್ಟು ದಾವಣಗೆರೆಗೆ ಬಂದವರು ಅವರು. "ಊರಿಗೆ ಹೋಗಲ್ವಾ ಸಾರ್?" ಎಂದರೆ, "ಗಾಳಿ ಸರಿ ಇಲ್ಲಪ್ಪ" ಎನ್ನುತ್ತಿದ್ದರು. ಒಮ್ಮೆ ನಾನೇ ಹರಿಹರದ ಬಸ್ಸು ಹತ್ತಿಸಿದೆ. ಕಂಡಕ್ಟರ್ ಸೀಟಿ ಊದುವಷ್ಟರಲ್ಲಿ ಇಳಿದುಬಿಟ್ಟರು.

ಅವರು ತೀರಿಕೊಂಡಾಗ ವ್ಯಾನಿನಲ್ಲಿ ಹರಿಹರಕ್ಕೆ ಒಯ್ದೆವು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಣ್ಣ ತಮ್ಮನ ಪಾದ ಹಿಡಿದುಕೊಂಡು ಅಂದರು:

"ನಾನಾದ್ರೂ ಹೋಗ್ಬೌದಿತ್ತು. ಬಸ್ಸು ಆ ಕಡೀಗೂ ಓಡ್ತಾವಲ್ರಿ."