ಆಷಾಢದ ತೆರಿಗೆ

ಗೆಳೆಯರೇ, ಬೆಂಗಳೂರು ದಂಡು ಬ್ರಿಟಿಷರದ್ದು, ಹೊಸಕೋಟೆ ಮೈಸೂರು ಮಹಾರಾಜರದ್ದು. ದಂಡಿನಿಂದ ಹೊಸಕೋಟೆಗೆ ಮನೆ ಬದಲಾಯಿಸಿದ ನನಗೆ ಆಷಾಢ ಒಂದೇ ತಿಂಗಳಿಗೆ ಎರಡು ಸರ್ಕಾರಗಳೂ ವರಮಾನ ತೆರಿಗೆ ಹಾಕಿವೆ. ಇಂದು ಅಮ್ಮನೊಡನೆ ಹೋಗಿ ಹೊಸಕೋಟೆಯ ತೆರಿಗೆ ಸಾಹೇಬರ ಮುಂದೆ ನಿಂತೆ.

“ಜ್ಯೇಷ್ಠದಲ್ಲೇ ಇಲ್ಲಿ ಹಾಲುಕ್ಕಿಸಿದಿರಂತೆ. ಅಂದಿನಿಂದ ನೀವು ಮೈಸೂರಿನವರು,” ಎಂದರು.

“ಮುಹೂರ್ತಕ್ಕೆ ಹಾಲುಕ್ಕಿಸಿ ಅವತ್ತೇ ವಾಪಸ್ ಹೋದ್ವಿ. ಸಾಮಾನು ಬಂದದ್ದು ಶ್ರಾವಣದಲ್ಲಿ,” ಎಂದೆ.

ಸಾಹೇಬರು ಒಪ್ಪಲಿಲ್ಲ. ಅಮ್ಮನಿಗೆ ತಡೆಯಲಾಗಲಿಲ್ಲ. “ಆಷಾಢದಲ್ಲಿ ಯಾರಾದ್ರೂ ಮನೆ ಬದಲಾಯಿಸ್ತಾರಾ ಸ್ವಾಮಿ? ನಿಮ್ಮನೇಲಿ ಹಂಗೆ ಮಾಡ್ತಾರಾ?”

ಸಾಹೇಬರು ಪೆನ್ನು ಕೆಳಗಿಟ್ಟರು. “ನನಗೂ ಆಷಾಢದಲ್ಲೇ ಇಲ್ಲಿಗೆ ವರ್ಗವಾಯ್ತಮ್ಮ. ಮನೆಯವಳು ಶ್ರಾವಣದವರೆಗೂ ಹೊರಡಲೇ ಇಲ್ಲ. ತಿಂಗಳಿಡೀ ಹೋಟೆಲ್ ಊಟ.” ಹಾಗೆಂದು ಪೆನ್ನೆತ್ತಿ ನನ್ನ ತೆರಿಗೆಯ ಲೆಕ್ಕದಿಂದ ಆಷಾಢವನ್ನು ಹೊಡೆದುಹಾಕಿದರು.

ನಾನು ಕೈಮುಗಿದು ಹೊರಬಂದೆ. ಮೆಟ್ಟಿಲಿಳಿಯುತ್ತಾ ಅಮ್ಮ ಗದರಿದಳು: “ಅಷ್ಟಕ್ಕೇ ಹೊರಟು ಬಂದ್ಬಿಟ್ಯಲ್ಲೋ! ಧನುರ್ಮಾಸಾನೂ ಬಿಡಿಸ್ಕೋಬಹುದಿತ್ತು.”