ಹೆಂಡತಿಯ ಪ್ಯಾನ್ ನಂಬರಿನಲ್ಲಿ ನನ್ನ ಅನುವಾದ

ಈ ಜುಲೈ ಎರಡನೆಯ ಶನಿವಾರ ಬೆಳಿಗ್ಗೆ, ದಹಿಸರ್‌ನ ಒಬ್ಬ ಸಿಎ ಕಚೇರಿಯಲ್ಲಿ ನನ್ನ ಹೆಂಡತಿಯ ಮೊಬೈಲಿಗೆ ಒಟಿಪಿ ಬಂತು. ಅದನ್ನು ಹೇಳಿದ್ದರೆ ಅವಳ ಆದಾಯ ತೆರಿಗೆ ರಿಟರ್ನ್ಸ್ ದೃಢಪಡುತ್ತಿತ್ತು. ಅವಳು ಹೇಳಲಿಲ್ಲ.

ನಾನು ಕನ್ನಡ ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಹೊರಗಿನ ಕೆಲಸಕ್ಕೆ ಕಂಪನಿಯ ಲಿಖಿತ ಒಪ್ಪಿಗೆ ಬೇಕೆಂದು ನೇಮಕ ಪತ್ರದಲ್ಲಿದೆ. ಎರಡು ವರ್ಷದ ಹಿಂದೆ ಜಾಹೀರಾತು ಏಜೆನ್ಸಿಯೊಂದು ವಿಮೆಯ ಕರಪತ್ರ, ಮಿಕ್ಸರ್ ಬಳಸುವ ಸೂಚನೆ ಇಂಥವನ್ನು ಕನ್ನಡಕ್ಕೆ ಮಾಡಿಕೊಡಲು ಕೇಳಿತು. ಒಪ್ಪಿಗೆ ಕೇಳುವ ಬದಲು ಹೆಂಡತಿಯ ಹೆಸರಿನಲ್ಲಿ, ಅವಳ ಪ್ಯಾನ್ ನಂಬರ್ ಹಾಕಿ ಬಿಲ್ಲು ಕಳಿಸಿದೆ. ಏಜೆನ್ಸಿ ತೆರಿಗೆಯೆಂದು ಶೇಕಡಾ ಹತ್ತು ಮುರಿದುಕೊಂಡು ಉಳಿದದ್ದನ್ನು ಅವಳ ಖಾತೆಗೆ ಹಾಕುತ್ತಿತ್ತು. ತೆರಿಗೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಬಜೆಟ್ ದಿನ ತೆರಿಗೆಯ ಪುಟ ತಿದ್ದುವವನು ನಾನೇ.

ಜೂನ್‌ನಲ್ಲಿ ಅವಳ ಮೊಬೈಲಿಗೆ ಇಲಾಖೆಯ ಸಂದೇಶ ಬಂತು: ವೃತ್ತಿ ಆದಾಯ ದಾಖಲಾಗಿದೆ, ರಿಟರ್ನ್ಸ್ ಸಲ್ಲಿಸಿ.

"ಹೆದರ್ಬೇಡಿ ಮಾರಾಯ್ರೆ," ಎಂದರು ಉಡುಪಿ ಕಡೆಯ ಆ ಸಿಎ. "ಮೇಡಂಗೆ ಬೇರೆ ಆದಾಯ ಇಲ್ಲ. ಮುರಿದದ್ದು ಪೂರಾ ರಿಫಂಡ್ ಬರ್ತದೆ. ಮೇಡಂ, ವೃತ್ತಿ ಎಂತ ಹಾಕುದು? ಅನುವಾದಕಿ?"

ವಡಾಲದಲ್ಲಿ ಬೆಳೆದು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಕ್ಕಳು. "ನಾನಾ? ಊರಿಗೆ ಹೋದ್ರೆ ಬಸ್ಸಿನ ಬೋರ್ಡ್ ಇವ್ರೇ ಓದಿ ಹೇಳ್ಬೇಕು!"

"ಓದ್ಲಿಕ್ಕೆ ಯಾರು ಹೇಳ್ತಾರೆ?" ಎಂದರು ಸಿಎ. "ಒಟಿಪಿ ಹೇಳಿ ಸಾಕು."

"ಕಲ್ ಕೋಯಿ ಪೂಛಾ ತೋ? ನಾಳೆ ಯಾರಾದ್ರೂ ಕನ್ನಡದಲ್ಲಿ ಒಂದು ಲೈನ್ ಬರೀರಿ ಅಂದ್ರೆ?"

"ಯಾರೂ ಕೇಳುದಿಲ್ಲ," ಎಂದೆ ನಾನು.

"ಹೆಂಡ್ತಿ ಹೆಸ್ರಲ್ಲಿ ದುಡ್ಡು ತಗೊಂಡ್ರು ಅಂತ ನಿಮ್ಮ ಪೇಪರ್‌ನಲ್ಲಿ ದಿನಾ ಬರ್ತದಲ್ಲ, ಅವ್ರೂ ಹೀಗೇ ಹೇಳಿರ್ತಾರೆ."

ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಒಟಿಪಿಯ ಅವಧಿ ಮುಗಿಯಿತು.

ಇನ್ನೊಂದು ದಾರಿಯನ್ನೂ ಸಿಎ ವಿವರಿಸಿದರು. ಆದಾಯ ನನ್ನದೆಂದು ತೋರಿಸಬೇಕು. ಅದು ಸಂಬಳದ ಜೊತೆ ಸೇರಿ ನನ್ನ ದರದಲ್ಲಿ ತೆರಿಗೆ ಬೀಳುತ್ತದೆ; ವರ್ಷದ ನಡುವೆ ಮುಂಗಡ ತೆರಿಗೆಯ ಕಂತು ಕಟ್ಟದ್ದಕ್ಕೆ ಬಡ್ಡಿ ಬೇರೆ. ಮೊದಲು ಏಜೆನ್ಸಿ ತನ್ನ ದಾಖಲೆಯನ್ನು ನನ್ನ ಪ್ಯಾನ್‌ಗೆ ಬದಲಿಸಬೇಕು. ಅಲ್ಲಿಂದಲೇ ಏಜೆನ್ಸಿಗೆ ಫೋನ್ ಮಾಡಿದೆ. ನೌಕರಿಯಲ್ಲಿರುವವರಾದರೆ ಕಂಪನಿಯ ಒಪ್ಪಿಗೆ ಪತ್ರ ತನ್ನಿ ಎಂದರು.

ಭಾಂಡುಪ್‌ನ ನಮ್ಮ ಮನೆಯ ಸಾಲದ ಕಂತು ಹೋಗುವುದು ಆ ಕಂಪನಿಯ ಸಂಬಳದಿಂದ.

ವಾಪಸು ಬರುವಾಗ ಅವಳು ಲೋಕಲ್ ರೈಲಿನ ಮಹಿಳೆಯರ ಡಬ್ಬಿಗೆ ಹತ್ತಿದಳು. ಗಾಡಿ ಬದಲಿಸಲು ದಾದರ್‌ನಲ್ಲಿ ಇಳಿದಾಗ ಸೇತುವೆಯ ಮೆಟ್ಟಿಲ ಬಳಿ ನನಗಾಗಿ ಕಾದಿದ್ದಳು. "ಲೆಟರ್ ಕೇಳಿ," ಎಂದಳು. "ನೌಕರಿ ಹೋದ್ರೆ ನೋಡುವ. ನನ್ನ ಹತ್ರ ಸುಳ್ಳು ಹೇಳಿಸ್ಬೇಡಿ."

ಹೊರಗಿನ ಅನುವಾದದ ಕೆಲಸಕ್ಕೆ ಒಪ್ಪಿಗೆ ಕೇಳಿ ಸೋಮವಾರ ಅರ್ಜಿ ಕೊಟ್ಟೆ. ಗುರುವಾರ ಆಡಳಿತ ವಿಭಾಗದಿಂದ ಒಂದು ಸಾಲಿನ ಉತ್ತರ ಬಂತು: ಈ ಕೆಲಸವನ್ನು ಎಂದಿನಿಂದ ಮಾಡುತ್ತಿದ್ದೀರಿ ಎಂದು ಬರಹದಲ್ಲಿ ತಿಳಿಸಿ.