ಕಳೆ ಔಷಧಿ ಹೊಡೆಯದ ಹೊಲ

ನಮ್ಮ ಯಜಮಾನರು ಸೇನೆಯಲ್ಲಿ ಹದಿನೇಳು ವರ್ಷ ಇದ್ದರು. ಯುದ್ಧ ನೋಡಲಿಲ್ಲ, ನೋಡಿದ್ದೆಲ್ಲ ಹುಲ್ಲು. ಉತ್ತರದ ಕಡೆ ಯಾವುದೋ ಮದ್ದುಗುಂಡಿನ ಉಗ್ರಾಣ. ಅದರ ಬೇಲಿಯುದ್ದಕ್ಕೂ ಬೆಳೆದ ಹುಲ್ಲು ಒಣಗಿದರೆ ಬೆಂಕಿಯ ಭಯ. ಅದಕ್ಕೆ ಇವರ ಬೆನ್ನಿಗೊಂದು ಟ್ಯಾಂಕು ಹೊರಿಸಿ ಕಳೆ ಔಷಧಿ ಹೊಡೆಯಲು ಬಿಟ್ಟಿದ್ದರು. ಕೈಗವಸು ಇಲ್ಲ, ಮೂಗಿಗೆ ಒಂದು ಕರ್ಚೀಫು. ಗಾಳಿ ತಿರುಗಿದರೆ ಅಂಗಿ ಪೂರಾ ಒದ್ದೆಯಾಗುತ್ತಿತ್ತಂತೆ. ರಜೆಗೆ ಬಂದಾಗ ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದರು. ದೇಶ ಕಾಯಲು ಹೋದವರು ಅಲ್ಲಿ ಔಷಧಿ ಹೊಡೆದು ಹುಲ್ಲು ಸಾಯಿಸುತ್ತಾರೆ, ಇಲ್ಲಿ ನಾನು ಅದನ್ನೇ ಬೆರಳಲ್ಲಿ ಕೀಳುತ್ತೇನೆ ಎಂದು ನನಗೆ ನಗು ಬರುತ್ತಿತ್ತು.

ಬೇಗೂರಿನ ಹತ್ತಿರ ನಮ್ಮದು ಎರಡು ಎಕರೆ. ಅರಿಶಿನ, ಅವರೆ, ಒಂದಿಷ್ಟು ರಾಗಿ. ನಮ್ಮ ಬೀದಿಯ ಹೆಂಗಸರಲ್ಲಿ ಮುಯ್ಯಾಳಿನ ಪದ್ಧತಿ ಇನ್ನೂ ಉಳಿದಿದೆ. ಇವತ್ತು ನಾಲ್ವರು ನನ್ನ ಹೊಲದಲ್ಲಿ ಕಳೆ ಕಿತ್ತರೆ ನಾಳೆ ನಾನು ಅವರ ಹೊಲಕ್ಕೆ ಹೋಗಬೇಕು. ಯಜಮಾನರು ನಿವೃತ್ತರಾಗಿ ಬಂದ ವರ್ಷ ಗುಂಡ್ಲುಪೇಟೆಯಿಂದ ಕಳೆ ಔಷಧಿಯ ಡಬ್ಬಿ ತಂದರು. ನಾನು ಒಪ್ಪಲಿಲ್ಲ. ಔಷಧಿ ಹೊಡೆದರೆ ನನಗೆ ಆಳು ಬೇಡವಾಗುತ್ತದೆ. ಆಳಿಗೆ ಆಳಾಗಿ ನಾನು ಅವರ ಹೊಲಕ್ಕೆ ಹೋಗದಿದ್ದರೆ ನಾಳೆ ಅರಿಶಿನ ಕೀಳಲು ನನ್ನ ಹೊಲಕ್ಕೆ ಯಾರು ಬರುತ್ತಾರೆ? ಡಬ್ಬಿಯನ್ನು ಅಂಗಡಿಗೇ ವಾಪಸು ಕಳಿಸಿದೆ. ಆಮೇಲೆ ಅವರು ಹೊಲದ ಕಡೆ ತಲೆ ಹಾಕಲಿಲ್ಲ. ಹೆದ್ದಾರಿಯ ಟೀ ಅಂಗಡಿಯೇ ಅವರ ಠಾಣೆಯಾಯಿತು.

ಊರವರು ಅವರನ್ನು ಮಿಲ್ಟ್ರಿ ಎಂದೇ ಕರೆಯುವುದು. "ಮಿಲ್ಟ್ರಿಯೋರೇ, ನಿಮ್ಮೊಲ ಯಾವ್ ದಿಕ್ಕಿಗೈತೆ ಏಳಿ ನೋಡನ" ಎಂದು ಕಾಲೆಳೆಯುತ್ತಿದ್ದರು. ಅವರ ಜೊತೆ ನಾನೂ ನಗುತ್ತಿದ್ದೆ.

ಎರಡು ವರ್ಷದ ಹಿಂದೆ ಅವರ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಮೈಸೂರಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಯಾವ ಕೆಲಸ ಮಾಡುತ್ತಿದ್ದಿರಿ ಎಂದು ವಿಚಾರಿಸಿದ ಡಾಕ್ಟರು, ಅಷ್ಟು ವರ್ಷ ಕಳೆ ಔಷಧಿ ಹೊಡೆದದ್ದರಿಂದಲೂ ಬಂದಿರಬಹುದು ಎಂದು ಚೀಟಿಯಲ್ಲಿ ಬರೆದರು. ಚಾಮರಾಜನಗರದಲ್ಲಿ ಮಾಜಿ ಸೈನಿಕರಿಗೆ ಅರ್ಜಿ ಬರೆದುಕೊಡುವ ಹಿರಿಯರೊಬ್ಬರಿದ್ದಾರೆ, ತಾವೂ ಸೇನೆಯಲ್ಲಿ ಗುಮಾಸ್ತರಾಗಿದ್ದವರು. ಚೀಟಿ ನೋಡಿದ ಅವರು, ಕಾಯಿಲೆ ಸೇವೆಯಿಂದ ಬಂತೆಂದು ಒಪ್ಪಿದರೆ ಅಂಗವೈಕಲ್ಯ ಪಿಂಚಣಿ ಸಿಗುತ್ತದೆ, ಮುಂದೆ ಹೆಂಡತಿಗೂ ಅದರಿಂದ ಆಧಾರವಾಗುತ್ತದೆ ಎಂದು ತಿಳಿಸಿದರು. ಯಜಮಾನರು ಹಿಡಿದುಕೊಂಡದ್ದು ಆ ಕೊನೆಯ ಮಾತನ್ನು.

"ನಂಗಲ್ಲ ಕಣಮ್ಮಿ. ನಾನಿಲ್ದಾಗ ನಿಂಗೊಂದು ದಾರಿ ಆಗ್ಲಿ" ಎಂದರು ಬಸ್ಸಿನಲ್ಲಿ.

ಅರ್ಜಿ ಹಾಕಿದ ಮೇಲೆ ಸೇನೆಯ ವೈದ್ಯರ ಮಂಡಳಿ ಅವರನ್ನು ಕರೆಸಿತು. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಯಜಮಾನರು ಎದೆಯುಬ್ಬಿಸಿಕೊಂಡು ಹೊರಗೆ ಬಂದರು. ಕೆಲವು ತಿಂಗಳ ಮೇಲೆ ಅರ್ಜಿ ತಿರಸ್ಕೃತವಾಗಿ ಬಂತು. ಕಾರಣವನ್ನು ಹಿರಿಯರು ಓದಿ ಹೇಳಿದರು: ಅರ್ಜಿದಾರರೇ ತಮ್ಮ ಹೊಲದಲ್ಲಿ ಔಷಧಿ ಹೊಡೆಯುವುದಾಗಿ ಹೇಳಿದ್ದಾರೆ, ಆದ್ದರಿಂದ ಕಾಯಿಲೆ ಸೇವೆಯಿಂದಲೇ ಬಂತೆನ್ನಲು ಆಗದು.

ನನಗೆ ಮೈಯೆಲ್ಲ ಉರಿಯಿತು. "ನೀವು ಔಷಧಿ ಹೊಡೀತೀನಿ ಅಂದ್ರಾ?"

ಅವರು ನೆಲ ನೋಡಿದರು. "ಏನ್ ಮಾಡ್ಕೊಂಡಿದ್ದೀಯ ಅಂದ್ರು. ಅಷ್ಟ್ ದೊಡ್ಡೋರ ಮುಂದೆ ಸುಮ್ನೆ ಕುಂತಿವ್ನಿ ಅನ್ನಕ್ಕಾಯ್ತದಾ? ಬೇಸಾಯ ಅಂದೆ. ನೀನೇ ಮಾಡ್ತೀಯಾ ಅಂದ್ರು. ಉಳೋದು, ಬಿತ್ತೋದು, ಔಷ್ದಿ ಒಡ್ಯೋದು, ಎಲ್ಲಾ ನಾನೇ ಅಂದ್ಬುಟ್ಟೆ."

ಎರಡು ದಿನ ಅವರೊಡನೆ ಮಾತಾಡಲಿಲ್ಲ. ತಟ್ಟೆಗೆ ಮುದ್ದೆ ಹಾಕುವುದು, ಎದ್ದು ಹೋಗುವುದು. ಮೂವತ್ತು ವರ್ಷ ಬಗ್ಗಿ ಬಗ್ಗಿ ಸೊಂಟ ಸೋತದ್ದು ನನ್ನದು, ಅದನ್ನು ಒಂದೇ ಉಸಿರಿಗೆ ತಮ್ಮದು ಮಾಡಿಕೊಂಡರಲ್ಲ ಎಂಬ ಸಿಟ್ಟು. ನನಗೆ ದಾರಿ ಮಾಡಲು ಹೋಗಿ ಇದ್ದ ದಾರಿಗೂ ಕಲ್ಲು ಹಾಕಿದರಲ್ಲ ಎಂಬ ಸಿಟ್ಟು ಬೇರೆ. ಮೂರನೆಯ ದಿನ ಹೊಲದಲ್ಲಿ ಒಬ್ಬಳೇ ಇದ್ದಾಗ ಇನ್ನೊಂದು ಯೋಚನೆ ಬಂತು. ಕೆಲಸವಿಲ್ಲದ ಗಂಡಸೆಂದು ಅವರನ್ನು ನೋಡಿ ನಕ್ಕವರಲ್ಲಿ ನಾನೇ ಮೊದಲಿಗಳು. ಆ ಡಬ್ಬಿ ವಾಪಸು ಕಳಿಸಿದಾಗ ಬದಲಿಗೆ ಒಂದು ಗುದ್ದಲಿಯನ್ನಾದರೂ ಅವರ ಕೈಗೆ ಕೊಟ್ಟಿರಲಿಲ್ಲ. ಆ ಸುಳ್ಳಿನಲ್ಲಿ ನನ್ನ ಪಾಲೂ ಇತ್ತು. ಆ ಸಂಜೆ ಮಾತಾಡಿಸಿದೆ.

ಮೇಲ್ಮನವಿಗೆ ಅವಕಾಶವಿತ್ತು. ಮೊದಲು ಹೇಳಿದ್ದು ಸುಳ್ಳೆಂದು ಅವರು ಬರೆದುಕೊಡಬೇಕು, ಹೊಲದಲ್ಲಿ ನಿಜವಾಗಿ ದುಡಿದವರು ಅಫಿಡವಿಟ್ ಕೊಡಬೇಕು ಎಂದರು ಹಿರಿಯರು. ಮುಯ್ಯಾಳಿನ ನಾಲ್ವರು ಹೆಂಗಸರೂ ಒಂದು ದಿನದ ಕೆಲಸ ಬಿಟ್ಟು ಚಾಮರಾಜನಗರದ ಬಸ್ಸು ಹತ್ತಿದರು. "ಇದೂ ಒಂದು ಆಳೇ ಕಣಕ್ಕ, ತೀರುಸ್ಬೇಕು ನೀನು" ಎಂದಳು ಅವರಲ್ಲಿ ಚಿಕ್ಕವಳು.

ಟೈಪಿಸ್ಟಿನ ಮೇಜಿನ ಮುಂದೆ ಯಜಮಾನರು ನೆಟ್ಟಗೆ ನಿಂತು ಹೇಳಿದರು: "ನಮ್ಮೊಲದಲ್ಲಿ ನಾನು ಒಂದ್ ಕಳೆ ಕಿತ್ತಿಲ್ಲ. ಔಷ್ದಿ ಒಡ್ದಿಲ್ಲ. ನಾಚ್ಕೆಗೆ ಸುಳ್ಳೇಳ್ದೆ." ಟೀ ಅಂಗಡಿಯಲ್ಲಾಗಿದ್ದರೆ ಜೀವ ಹೋದರೂ ಆಡದ ಮಾತು. ಹೆಂಗಸರು ಯಾರೂ ನಗಲಿಲ್ಲ, ಸೆರಗು ಸರಿಮಾಡಿಕೊಂಡು ಬೀದಿಯ ಕಡೆ ನೋಡಿದರು. ನನ್ನ ಸರದಿ ಬಂದಾಗ ಟೈಪಿಸ್ಟು ಕೇಳದೆಯೇ ಕಸುಬಿನ ಜಾಗದಲ್ಲಿ ಗೃಹಿಣಿ ಎಂದು ಟೈಪು ಹೊಡೆದ. ಯಜಮಾನರು ಬಗ್ಗಿ ನೋಡಿ, "ತಪ್ಪು. ಬೇಸಾಯ ಅಂತ ಒಡೀರಿ" ಎಂದರು. ಟೈಪಿಸ್ಟು ತಿದ್ದಿದ. ನೋಟರಿಯ ಮುಂದೆ ನಾನು ಅದಕ್ಕೆ ಸಹಿ ಹಾಕಿದೆ.

ಆದೇಶ ಬರುವ ಹೊತ್ತಿಗೆ ಅವರು ತುಂಬಾ ಇಳಿದುಹೋಗಿದ್ದರು. ಆದರೂ ಒಬ್ಬರೇ ಚಾಮರಾಜನಗರಕ್ಕೆ ಹೋಗಿ, ಹಿರಿಯರಿಂದ ಅದರ ಕನ್ನಡವನ್ನು ಬಿಳಿ ಹಾಳೆಯಲ್ಲಿ ಬರೆಸಿಕೊಂಡು ಬಂದರು. ನಾನು ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದೆ.

"ಕಣ್ಣು ಮಂಜಾಗೈತೆ. ಓದು" ಎಂದು ಹಾಳೆ ಕೊಟ್ಟರು.

ಜಗಲಿಯಲ್ಲಿ ಕೂತು ಓದಿದೆ. ಕಾಯಿಲೆ ಸೇವೆಯಿಂದ ಬಂದದ್ದೆಂದು ಒಪ್ಪಲಾಗಿದೆ. ಪಿಂಚಣಿ ಮಂಜೂರಾಗಿದೆ. ಖುಷಿಯಿಂದ ಧ್ವನಿ ಏರಿತು. ಮುಂದಿನ ಸಾಲಿನ ಮೇಲೆ ಕಣ್ಣು ಹೋಯಿತು. ಅದನ್ನು ದಾಟಿ, ಕೆಳಗಿದ್ದದ್ದನ್ನು ಓದತೊಡಗಿದೆ.

"ನಡೂಕ್ ಒಂದ್ ಸಾಲು ಬುಟ್ಬುಟ್ಟೆ" ಎಂದರು.

"ಇಲ್ವಲ್ಲ."

"ಅವ್ರು ಬರಿಯಾಗ ಪಕ್ಕದಲ್ಲೇ ಕುಂತಿದ್ದೆ ಕಣಮ್ಮಿ. ನಂಗೊತ್ತು. ನಿಂಗೂ ಗೊತ್ತಾಗ್ಲಿ ಅಂತ ಓದುಸ್ತಿವ್ನಿ."

ಓದಿದೆ. ಈ ಕಾಯಿಲೆ ಇನ್ನು ಗುಣವಾಗುವ ಸಂಭವವಿಲ್ಲ ಎಂದಿತ್ತು. ಒಂದು ವರ್ಷ ಅಲೆದು, ಅಷ್ಟು ಜನರನ್ನು ಬಸ್ಸು ಹತ್ತಿಸಿ, ನಾವು ಗೆದ್ದ ಕಾಗದದಲ್ಲಿ ಈ ಸಾಲೂ ಇತ್ತು. ನನಗೆ ಅಳು ತಡೆಯಲಾಗಲಿಲ್ಲ. ಅವರು ನಾನು ಅತ್ತು ಮುಗಿಸುವವರೆಗೆ ಕಾದು, ಹಾಳೆಯನ್ನು ಆದೇಶದ ಜೊತೆ ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟು, ನಾನಿಲ್ಲದಾಗ ನಿನಗೆ ಬೇಕಾಗುತ್ತದೆ, ಇದನ್ನು ಎಲ್ಲಿಡುತ್ತೀಯ ಎಂದು ಕೇಳಿದರು.